ಒಂದೇ ಪ್ಯಾರಾ ಮೂರು ಸಲ ಓದಿದರೂ ತಲೆಗೆ ಹೋಗುತ್ತಿಲ್ಲ, ಸ್ಪೀಡ್ ರೀಡಿಂಗ್ ಕೋರ್ಸ್ ಸೇರಲೇ?

ಪ್ರಶ್ನೆ: ನನಗೆ 43 ವರ್ಷ. ಇಷ್ಟು ವರ್ಷ ಫೀಲ್ಡ್ ಕೆಲಸದಲ್ಲಿದ್ದೆ. ಎಂಟು ತಿಂಗಳ ಹಿಂದೆ ಬಡ್ತಿ ಸಿಕ್ಕಿ ಕಾಂಟ್ರ್ಯಾಕ್ಟ್ ವಿಭಾಗಕ್ಕೆ ಬಂದೆ. ಈಗ ದಿನವಿಡೀ ಓದುವುದೇ ಕೆಲಸ. ಇಮೇಲ್, ಸುತ್ತೋಲೆ, ರಿಪೋರ್ಟು, ಅರವತ್ತು ಎಪ್ಪತ್ತು ಪುಟದ ಕರಾರು. ಒಂದೇ ಪ್ಯಾರಾ ಮೂರು ಸಲ ಓದಿದರೂ ಏನು ಓದಿದೆ ಅಂತ ಹೇಳಲಾಗುವುದಿಲ್ಲ. ಸ್ಕ್ರೀನ್ ಮೇಲಂತೂ ಇನ್ನೂ ಕಷ್ಟ. ಪ್ರಿಂಟ್ ತೆಗೆದರೆ ಸಹೋದ್ಯೋಗಿಗಳು ನಗುತ್ತಾರೆ. ಕಳೆದ ತಿಂಗಳು ಒಂದು ಕರಾರಿನಲ್ಲಿ ನೋಟಿಸ್ ಅವಧಿಯ ಷರತ್ತು ಕಣ್ತಪ್ಪಿ ಹೋಯಿತು. ಓದುವಾಗ ಮನಸ್ಸಿನಲ್ಲೇ ಉಚ್ಚರಿಸುವ ಅಭ್ಯಾಸ ನನಗಿದೆ. ನಿಧಾನಕ್ಕೆ ಅದೇ ಕಾರಣ ಅಂತ ಒಂದು ವಿಡಿಯೊದಲ್ಲಿ ಹೇಳಿದರು. ನಿಮಿಷಕ್ಕೆ ಸಾವಿರ ಪದ ಓದಲು ಕಲಿಸುವ ಕೋರ್ಸ್ ಸೇರಲೇ? ಇಲ್ಲ ಎಲ್ಲವನ್ನೂ ಎಐಗೆ ಕೊಟ್ಟು ಸಾರಾಂಶ ತೆಗೆಯಲೇ? ನನಗೇ ಏನಾದರೂ ತೊಂದರೆ ಇದೆಯಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ನೀವು ಬರೆದಿರುವುದರಲ್ಲಿ ಗಾಬರಿಪಡುವಂಥದ್ದೇನೂ ನನಗೆ ಕಾಣಿಸಲಿಲ್ಲ. ಕಚೇರಿಯವರಿಗೆ ಓದು, ಬರಹದ ತರಬೇತಿ ಕೊಡುವುದು ನನ್ನ ಕೆಲಸ. ಹೊಸ ವಿಭಾಗಕ್ಕೆ ಬಂದವರು ಹೆಚ್ಚುಕಡಿಮೆ ಇದೇ ಮಾತು ಹೇಳುತ್ತಾರೆ. ತಮ್ಮ ಹಳೇ ಕೆಲಸದಲ್ಲಿ ತುಂಬಾ ಚುರುಕಾಗಿದ್ದವರೇ ಜಾಸ್ತಿ ಹೇಳುತ್ತಾರೆ.

ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ತೊಂದರೆಗಳಿವೆ. ಓದು ನಿಧಾನ. ಓದಿದ್ದು ನಿಲ್ಲುತ್ತಿಲ್ಲ. ಮುಖ್ಯವಾದದ್ದು ತಪ್ಪಿಹೋಗುತ್ತಿದೆ. ಮೊದಲನೆಯದು ಸರಿಹೋದರೆ ಉಳಿದೆರಡೂ ತಾನಾಗಿ ಸರಿಹೋಗುತ್ತವೆ ಅಂದುಕೊಂಡಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ಯಾವುದನ್ನು ಯಾಕೆ ಓದುತ್ತಿದ್ದೇನೆ ಅಂತ ಮೊದಲೇ ತೀರ್ಮಾನಿಸದೆ, ಎರಡು ಸಾಲಿನ ಸುತ್ತೋಲೆಯಿಂದ ಎಪ್ಪತ್ತು ಪುಟದ ಕರಾರಿನವರೆಗೆ ಎಲ್ಲವನ್ನೂ ಒಂದೇ ಹದದಲ್ಲಿ ಓದುತ್ತಿದ್ದೀರಿ. ತೊಂದರೆಯ ಬೇರು ಅಲ್ಲಿದೆ.

ನಿಮಿಷಕ್ಕೆ ಸಾವಿರ ಪದದ ವಿಷಯಕ್ಕೆ ಬರೋಣ. ಓದುವಾಗ ಕಣ್ಣು ಸಾಲಿನ ಮೇಲೆ ಜಾರಿಕೊಂಡು ಹೋಗುವುದಿಲ್ಲ, ನೆಗೆದು ನೆಗೆದು ಹೋಗುತ್ತದೆ. ಫ್ರಾನ್ಸಿನ ಕಣ್ಣಿನ ವೈದ್ಯ ಲೂಯಿ ಎಮಿಲ್ ಜಾವಲ್ 1879ರ ಹೊತ್ತಿಗೇ ಇದರ ಬಗ್ಗೆ ಬರೆದಿದ್ದರು. ಪ್ರತಿ ನೆಗೆತದ ನಂತರ ಕಣ್ಣು ಸುಮಾರು ಕಾಲು ಸೆಕೆಂಡು ನಿಲ್ಲುತ್ತದೆ. ನಾವು ಓದುವುದು ಹಾಗೆ ನಿಂತಾಗ ಮಾತ್ರ. ಆಗಲೂ ಸ್ಪಷ್ಟವಾಗಿ ಕಾಣುವ ಜಾಗ ತೀರಾ ಚಿಕ್ಕದು. ಕೈ ಪೂರ್ತಿ ಚಾಚಿ ನಿಮ್ಮ ಹೆಬ್ಬೆರಳನ್ನು ನೋಡಿ. ಅದರ ಅಗಲ ಎಷ್ಟಿದೆಯೋ ಹೆಚ್ಚುಕಡಿಮೆ ಅಷ್ಟೇ. ಅದರಾಚೆಗಿನ ಅಕ್ಷರಗಳು ಮಸುಕು. ಇದು ಕಣ್ಣಿನ ರಚನೆಯ ಮಿತಿ. ಇಡೀ ಪುಟವನ್ನು ಒಂದೇ ನೋಟಕ್ಕೆ ಹೀರಿಕೊಳ್ಳುವುದನ್ನು ಯಾವ ಅಭ್ಯಾಸವೂ ಕಲಿಸಲಾರದು.

ಸುಮ್ನೆ ಲೆಕ್ಕ ಹಾಕಿ. ಸೆಕೆಂಡಿಗೆ ನಾಲ್ಕು ಸಲ ನಿಂತು, ಒಂದೊಂದು ಸಲಕ್ಕೆ ಒಂದೊಂದು ಪದ ಹಿಡಿದರೆ ನಿಮಿಷಕ್ಕೆ 240 ಪದ. ಮಾರ್ಕ್ ಬ್ರಿಸ್‌ಬಾರ್ಟ್ ಎಂಬ ಮನೋವಿಜ್ಞಾನಿ 2019ರಲ್ಲಿ 190 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸಿಕ್ಕ ಸರಾಸರಿಯೂ ಇದರ ಹತ್ತಿರದ್ದೇ. ಇಂಗ್ಲಿಷ್‌ನಲ್ಲಿ ಮಾಹಿತಿಯ ಬರಹಕ್ಕೆ ನಿಮಿಷಕ್ಕೆ 238 ಪದ, ಕಥೆ ಕಾದಂಬರಿಗೆ 260. (ಕನ್ನಡಕ್ಕೆ ಈ ಅಂಕಿ ಹಾಗೇ ಒಗ್ಗುವುದಿಲ್ಲ. ನಮ್ಮ ಪದಗಳಿಗೆ ಪ್ರತ್ಯಯಗಳು ಅಂಟಿಕೊಂಡು ಉದ್ದವಾಗುತ್ತವೆ. ಪದ ಎಣಿಸಿ ಎರಡು ಭಾಷೆಗಳನ್ನು ಹೋಲಿಸಬೇಡಿ.) ಇನ್ನು, ನಿಮ್ಮದಲ್ಲದ ಭಾಷೆಯಲ್ಲಿ ಓದುತ್ತಿದ್ದರೆ ವೇಗ ಇದಕ್ಕಿಂತ ಕಡಿಮೆ ಇರುವುದು ಸಹಜ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ವೇಗದ ಓದಿನ ಕೋರ್ಸುಗಳು ಹೊಸದೇನಲ್ಲ. ಅಮೆರಿಕದ ಎವಲಿನ್ ವುಡ್ 1959ರಲ್ಲೇ ಇಂಥ ತರಗತಿಗಳನ್ನು ಶುರುಮಾಡಿ ಭಾರೀ ಹೆಸರು ಮಾಡಿದ್ದರು. ಆಮೇಲೆ ಮಾರ್ಸೆಲ್ ಜಸ್ಟ್, ಪ್ಯಾಟ್ರೀಷಿಯಾ ಕಾರ್ಪೆಂಟರ್ ಮುಂತಾದ ಸಂಶೋಧಕರು ತರಬೇತಿ ಪಡೆದವರ ಕಣ್ಣಿನ ಚಲನೆಯನ್ನೇ ಅಳೆದು ನೋಡಿದರು. ತರಬೇತಿ ಪಡೆದವರು ಪದಗಳನ್ನು ವೇಗವಾಗಿ ಓದುತ್ತಿರಲಿಲ್ಲ, ಹಾರಿಸಿಕೊಂಡು ಹೋಗುತ್ತಿದ್ದರು. ಸುಲಭದ ಬರಹದಲ್ಲಿ ಒಟ್ಟು ಸಾರ ಅವರಿಗೆ ಸಿಗುತ್ತಿತ್ತು. ವಿವರ ಕೇಳಿದರೆ, ಮಾಮೂಲಿ ವೇಗದಲ್ಲಿ ಓದಿದವರಿಗಿಂತ ಹಿಂದೆ ಬೀಳುತ್ತಿದ್ದರು. ಕೀತ್ ರೇನರ್ ಮತ್ತು ಜೊತೆಗಾರರು 2016ರಲ್ಲಿ ಈ ವಿಷಯದ ಸಂಶೋಧನೆಗಳನ್ನೆಲ್ಲ ಪರಿಶೀಲಿಸಿ ಬರೆದದ್ದೂ ಇದನ್ನೇ. ವೇಗ ಏರಿಸಿದರೆ ಗ್ರಹಿಕೆ ಇಳಿಯುತ್ತದೆ. ಅಡ್ಡದಾರಿ ಇಲ್ಲ. ನಿಮಗೆ ತಪ್ಪಿಹೋದದ್ದು ನೋಟಿಸ್ ಅವಧಿ ಎಂಬ ವಿವರ, ಅಲ್ವಾ? ಅದಕ್ಕೆ ಪರಿಹಾರವಾಗಿ ಇನ್ನೂ ಹೆಚ್ಚು ಹಾರಿಸುವುದನ್ನು ದುಡ್ಡು ಕೊಟ್ಟು ಕಲಿಯುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ಮನಸ್ಸಿನಲ್ಲೇ ಉಚ್ಚರಿಸುವ ಅಭ್ಯಾಸವನ್ನೂ ದಯವಿಟ್ಟು ಬಿಡಬೇಡಿ. ಚೆನ್ನಾಗಿ ಓದುವವರಲ್ಲೂ ಹೆಚ್ಚಿನವರಿಗೆ ಆ ಒಳದನಿ ಇರುತ್ತದೆ. ಬಲವಂತವಾಗಿ ತಡೆದರೆ ಕಷ್ಟದ ವಾಕ್ಯಗಳ ಅರ್ಥವೇ ಕೈಬಿಟ್ಟುಹೋಗುತ್ತದೆ. ಓದಿದ ಸಾಲಿಗೆ ವಾಪಸ್ ಹೋಗುವುದೂ ದೋಷವಲ್ಲ. ನುರಿತ ಓದುಗರ ಕಣ್ಣಿನ ನೆಗೆತಗಳಲ್ಲಿ ನೂರಕ್ಕೆ ಹತ್ತು ಹದಿನೈದು ಹಿಂದಕ್ಕೇ ಇರುತ್ತವೆ. ಪದಗಳನ್ನು ಒಂದೊಂದಾಗಿ ಮಿಂಚಿಸಿ ತೋರಿಸುವ ಆ್ಯಪ್‌ಗಳ ಕೊರತೆಯೂ ಇದೇ. ಅವು ಹಿಂದಕ್ಕೆ ನೋಡಲು ಬಿಡುವುದೇ ಇಲ್ಲ.

ಹಾಗಾದರೆ ಕೆಲವರು ನಿಜಕ್ಕೂ ಬೇಗ ಓದುತ್ತಾರಲ್ಲ, ಅದು ಹೇಗೆ? ಅವರಿಗೆ ವಿಷಯ ಗೊತ್ತು, ಅದರ ಪದಗಳು ಗೊತ್ತು. ನಿಮ್ಮ ಹಳೇ ಕೆಲಸದ ಒಂದು ಫೀಲ್ಡ್ ರಿಪೋರ್ಟನ್ನು ಈಗ ತೆಗೆದುಕೊಳ್ಳಿ. ಯಾವ ಅಂಕಿ ಮಾಮೂಲು, ಯಾವುದು ಎಡವಟ್ಟು ಅಂತ ಪುಟ ತಿರುಗಿಸುವಷ್ಟರಲ್ಲಿ ಹೇಳಿಬಿಡುತ್ತೀರಿ. ಅದೇ ಕಣ್ಣು, ಅದೇ ಮೆದುಳು. ಕರಾರಿನ ಭಾಷೆಯಲ್ಲಿ ನಿಮಗೆ ಆ ಪರಿಚಯ ಇನ್ನೂ ಬೆಳೆಯುತ್ತಿದೆ. ಎಂಟು ತಿಂಗಳು ಏನೂ ಜಾಸ್ತಿ ಅಲ್ಲ.

ಈ ಪರಿಚಯವನ್ನು ಬೇಗ ಬೆಳೆಸಿಕೊಳ್ಳಬಹುದು. ಕೋರ್ಸಿಗೆ ಕೊಡಬೇಕೆಂದಿದ್ದ ಸಮಯವನ್ನು ಇಲ್ಲಿ ಹಾಕಿ. ನಿಮ್ಮ ವಿಭಾಗದಲ್ಲಿ ಪದೇ ಪದೇ ಬರುವ ಒಂದು ಬಗೆಯ ಕರಾರನ್ನು ಆರಿಸಿಕೊಳ್ಳಿ. ಈಗಾಗಲೇ ಮುಗಿದ ಎರಡು ಮೂರು ಹಳೇ ಕರಾರುಗಳನ್ನು ತೆಗೆದು, ಗಡುವಿಲ್ಲದ ಹೊತ್ತಿನಲ್ಲಿ ನಿಧಾನವಾಗಿ ಪೂರ್ತಿ ಓದಿ. ಪ್ರತಿ ಷರತ್ತಿನ ಪಕ್ಕದಲ್ಲಿ ಒಂದು ಸಾಲು ಬರೆಯಿರಿ: ಇದು ಯಾರನ್ನು ಕಾಪಾಡಲು ಇದೆ? ಇದನ್ನು ತೆಗೆದುಹಾಕಿದರೆ ಯಾರಿಗೆ ನಷ್ಟ? ಅರ್ಥವಾಗದ ಪದಗಳನ್ನು ಒಂದು ಕಡೆ ಪಟ್ಟಿ ಮಾಡಿ, ವಿಭಾಗದ ಹಿರಿಯರೊಬ್ಬರ ಹತ್ತಿರ ಕೂತು ಕೇಳಿ. ಮೊದಲನೆಯದಕ್ಕೆ ಇಡೀ ದಿನ ಹೋದರೂ ಹೋಗಬಹುದು. ಮೂರನೆಯದರ ಹೊತ್ತಿಗೆ ಮುಕ್ಕಾಲು ಪಾಲು ನೋಡಿದ್ದೇ ಅನ್ನಿಸತೊಡಗುತ್ತದೆ. ಆಮೇಲೆ ಹೊಸ ಕರಾರು ಬಂದಾಗ ನೀವು ಹುಡುಕುವುದು ಬದಲಾದ ಜಾಗಗಳನ್ನು ಮಾತ್ರ. ಸಾಫ್ಟ್‌ವೇರಿನಲ್ಲಿ ಎರಡು ಕಡತಗಳನ್ನು ಹೋಲಿಸಿ ತೋರಿಸುವ ಸೌಲಭ್ಯವೂ ಇರುತ್ತದೆ. ಹಳೇ ಮಾದರಿಯ ಪಕ್ಕದಲ್ಲಿ ಹೊಸದನ್ನಿಟ್ಟು ಅದರ ಕೈಲೇ ವ್ಯತ್ಯಾಸ ಗುರುತಿಸಿಕೊಳ್ಳಿ. ಒಂದು ಎಚ್ಚರಿಕೆ ಮಾತ್ರ: ಪರಿಚಯ ಹೆಚ್ಚಾದಾಗ ಕಣ್ಣು ತಾನು ನಿರೀಕ್ಷಿಸಿದ್ದನ್ನೇ ಓದಿಕೊಳ್ಳುತ್ತದೆ. 'ಮೂವತ್ತು ದಿನ' ಇರಬೇಕಾದ ಕಡೆ 'ಹದಿಮೂರು ದಿನ' ಅಂತಿದ್ದರೂ ಮೂವತ್ತು ಅಂತಲೇ ಓದಿಸಿಕೊಂಡು ಹೋಗುತ್ತದೆ. ಹಳಬರು ಮಾಡುವ ತಪ್ಪುಗಳು ಹೆಚ್ಚಾಗಿ ಇಂಥವೇ.

ಅದಕ್ಕೇ ಮುಖ್ಯ ವಿವರಗಳನ್ನು ಓದಿನ ಓಘಕ್ಕೆ ಬಿಡಬಾರದು. ಅವನ್ನು ಪಟ್ಟಿ ಹಿಡಿದು ಹುಡುಕಬೇಕು. ಕರಾರಾದರೆ ಹಣ ಎಷ್ಟು, ಯಾವಾಗ, ಯಾವುದಕ್ಕೆ ಒಳಪಟ್ಟು, ನೋಟಿಸ್ ಎಷ್ಟು ದಿನ, ಯಾರಿಗೆ, ಯಾವ ರೂಪದಲ್ಲಿ, ತಾನಾಗಿ ನವೀಕರಣ ಆಗುತ್ತದೆಯೇ, ದಂಡ ಏನು, ಮುರಿದುಕೊಳ್ಳುವ ದಾರಿ ಯಾವುದು. ನಿಮ್ಮ ವಿಭಾಗಕ್ಕೆ ತಕ್ಕಂತೆ ಹತ್ತು ಹನ್ನೆರಡು ಪ್ರಶ್ನೆಗಳ ಒಂದು ಹಾಳೆ ಮಾಡಿಕೊಳ್ಳಿ. ಪ್ರತಿ ಉತ್ತರದ ಎದುರು ಷರತ್ತಿನ ಸಂಖ್ಯೆ ಬರೆಯಿರಿ. ಖಾಲಿ ಉಳಿದ ಜಾಗ ಇನ್ನೂ ಓದಿಲ್ಲ ಅಂತಲೋ, ಕರಾರಿನಲ್ಲೇ ಇಲ್ಲ ಅಂತಲೋ ಹೇಳುತ್ತದೆ. ಎರಡೂ ಗೊತ್ತಾಗಬೇಕಾದ ಸಂಗತಿಗಳೇ. ಕೊನೆಗೆ 'ಹೊರತು', 'ಒಳಪಟ್ಟು', 'ಇದ್ದಾಗ್ಯೂ' ಇಂಥ ಪದಗಳನ್ನು ಕರಾರಿನ ಭಾಷೆಯಲ್ಲಿ ಹೇಗಿದ್ದರೆ ಹಾಗೆ ಕಂಟ್ರೋಲ್ ಎಫ್ ಒತ್ತಿ ಹುಡುಕಿ. ಒಂದು ಕಡೆ ಕೊಟ್ಟದ್ದನ್ನು ಇನ್ನೊಂದು ಕಡೆ ಕಿತ್ತುಕೊಳ್ಳುವುದು ಈ ಪದಗಳ ಹಿಂದೆಯೇ. ಸ್ಕ್ಯಾನ್ ಮಾಡಿದ ಪಿಡಿಎಫ್ ಆದರೆ ಹುಡುಕಾಟ ಕೆಲಸ ಮಾಡದೇ ಇರಬಹುದು. 'ಸಿಗಲಿಲ್ಲ' ಅಂದರೆ 'ಇಲ್ಲ' ಅಂತ ತಿಳಿಯಬೇಡಿ.

ಉಳಿದ ಓದಿಗೆ ಇಷ್ಟು ಶ್ರಮ ಬೇಡ. ಇಮೇಲ್ ತೆರೆದ ಕೂಡಲೇ ಕೇಳಿಕೊಳ್ಳಿ: ನನ್ನಿಂದ ಏನಾದರೂ ಕೇಳುತ್ತಿದ್ದಾರಾ, ಯಾವಾಗ ಬೇಕಂತೆ? ಇಲ್ಲ ಅಂದರೆ ಬಿಟ್ಟುಬಿಡಿ. ಉದ್ದದ ರಿಪೋರ್ಟಾದರೆ ಮೊದಲು ಪರಿವಿಡಿ, ಸಾರಾಂಶ, ಕೊನೆಯ ಶಿಫಾರಸುಗಳು. ಆಮೇಲೆ ಕೋಷ್ಟಕಗಳು. ಕೋಷ್ಟಕದಲ್ಲಿ ಅಂಕಿಗಿಂತ ಮೊದಲು ತಲೆಬರಹ ನೋಡಿ: ಯಾವ ಅವಧಿಯದು, ಅಂಕಿ ಸಾವಿರದಲ್ಲಿದೆಯೋ ಲಕ್ಷದಲ್ಲಿದೆಯೋ. ಇಷ್ಟಾದ ಮೇಲೆ ನಿಮ್ಮ ಪ್ರಶ್ನೆಗೆ ಉತ್ತರ ಸಿಗುವ ಅಧ್ಯಾಯವನ್ನು ಮಾತ್ರ ಕೂತು ಓದಿ. ಹೀಗೆ ಹಾರಿಸಿ ಓದುವಾಗ ಏನೋ ತಪ್ಪಿಹೋಗಬಹುದು, ನಿಜ. ಆದರೆ ಏನು ಬಿಟ್ಟಿದ್ದೀರಿ ಅಂತ ನಿಮಗೆ ಗೊತ್ತಿರುತ್ತದೆ. ಎಲ್ಲವನ್ನೂ ಅರೆಮನಸ್ಸಿನಿಂದ ಓದಿದಾಗ ಅದೂ ಗೊತ್ತಿರುವುದಿಲ್ಲ. ಹಾರಿಸಿ ಓದಿದ್ದಕ್ಕೆ ಸಹಿ ಹಾಕಬೇಡಿ, ಅಷ್ಟೇ.

ಇನ್ನು ಪ್ರಿಂಟ್. ನಗುವವರು ನಗಲಿ. 2018ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಶ್ಲೇಷಣೆ 54 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿತು. ಒಂದು ಲಕ್ಷದ ಎಪ್ಪತ್ತು ಸಾವಿರಕ್ಕೂ ಹೆಚ್ಚು ಓದುಗರ ಮಾಹಿತಿ ಅದರಲ್ಲಿತ್ತು. ಮಾಹಿತಿಯ ಬರಹವನ್ನು ಕಾಗದದಲ್ಲಿ ಓದಿದವರ ಗ್ರಹಿಕೆ ಸ್ವಲ್ಪ ಮೇಲಿತ್ತು. ಸಮಯದ ಒತ್ತಡವಿದ್ದಾಗ ಅಂತರ ಇನ್ನೂ ಹೆಚ್ಚು. ಕಥೆ ಓದುವಾಗ ಅಂಥ ವ್ಯತ್ಯಾಸ ಕಾಣಲಿಲ್ಲ. ಸ್ಕ್ರೀನ್ ಬಳಸಿ ಬಳಸಿ ಜನ ಒಗ್ಗಿಕೊಳ್ಳುತ್ತಾರೆ ಅಂತ ನಾವೆಲ್ಲ ಅಂದುಕೊಂಡಿದ್ದರೆ, ವರ್ಷ ಕಳೆದಂತೆ ಆ ಅಂತರ ಹೆಚ್ಚುತ್ತಾ ಬಂದಿತ್ತು.

ಹೀಗೇಕೆ? ತಪ್ಪು ಬರೀ ಗಾಜಿನ ಪರದೆಯದಲ್ಲ. 2011ರಲ್ಲಿ ಆ್ಯಕರ್‌ಮನ್ ಮತ್ತು ಗೋಲ್ಡ್‌ಸ್ಮಿತ್ ಎಂಬ ಸಂಶೋಧಕರು ಒಂದು ಪ್ರಯೋಗ ಮಾಡಿದರು. ಸ್ಕ್ರೀನಿನಲ್ಲಿ ಓದುವವರಿಗೂ ಕಾಗದದಲ್ಲಿ ಓದುವವರಿಗೂ ಒಂದೇ ಸಮಯ ಕೊಟ್ಟಾಗ ಸ್ಕ್ರೀನಿನ ಓದುಗರು ಕಾಗದದವರಷ್ಟೇ ಚೆನ್ನಾಗಿ ಓದಿದರು. ಎಷ್ಟು ಹೊತ್ತು ಓದಬೇಕು ಅನ್ನುವುದನ್ನು ಅವರಿಗೇ ಬಿಟ್ಟಾಗ ಹಿಂದೆ ಬಿದ್ದರು. ಅರ್ಥವಾಗುವ ಮುಂಚೆಯೇ ಅರ್ಥವಾಯಿತು ಅಂದುಕೊಂಡು ಬೇಗ ನಿಲ್ಲಿಸುತ್ತಿದ್ದರು. ಸ್ಕ್ರೀನ್ ಮುಂದೆ ಕೂತ ಕೂಡಲೇ ನಮಗೆ ಸುದ್ದಿ, ಸಂದೇಶಗಳನ್ನು ಸರಿಸಿಕೊಂಡು ಹೋಗುವ ಚಾಳಿ ಬಂದುಬಿಡುತ್ತದೆ. ಜೊತೆಗೆ, ಕಾಗದದಲ್ಲಿ 'ಎಡಪುಟದ ಕೆಳಗಡೆ ಇತ್ತಲ್ಲ' ಅಂತ ಜಾಗ ನೆನಪಿರುತ್ತದೆ. ಸರಿಸುತ್ತಾ ಓದುವಾಗ ಆ ಗುರುತು ಇರುವುದಿಲ್ಲ.

ಹಾಗಾಗಿ ಸಹಿಗೆ ಬರುವ ಕರಾರು, ತಪ್ಪಿದರೆ ದುಡ್ಡು ಹೋಗುವ ಕಡತ, ಹಿಂದೆ ಮುಂದೆ ತಿರುಗಿಸಿ ನೋಡಬೇಕಾದ ಬರಹ, ಇವುಗಳಿಗೆ ಪ್ರಿಂಟ್ ತೆಗೆಯಿರಿ. ಅದರಲ್ಲೂ ಅಪಾಯಗಳಿವೆ. ನೀವು ಓದುವಷ್ಟರಲ್ಲಿ ಕಡತ ಬದಲಾಗಿರಬಹುದು, ಆದ್ದರಿಂದ ಮೊದಲ ಪುಟದ ಮೇಲೆ ತಾರೀಕು, ಆವೃತ್ತಿ ಬರೆದಿಡಿ. ಗೋಪ್ಯ ಕಾಗದ ಪ್ರಿಂಟರ್ ಟ್ರೇನಲ್ಲೇ ಉಳಿಯುವುದು ಕಚೇರಿಗಳಲ್ಲಿ ದಿನಾ ನಡೆಯುವ ಕಥೆ. ಸ್ಕ್ರೀನಿನಲ್ಲೇ ಓದಬೇಕಾದರೆ ಕಡತವನ್ನು ಪೂರ್ತಿ ಪರದೆಗೆ ಹಿಗ್ಗಿಸಿ, ಅಕ್ಷರ ದೊಡ್ಡದು ಮಾಡಿ, ಸರಿಸುವ ಬದಲು ಪುಟ ಪುಟವಾಗಿ ತಿರುಗುವಂತೆ ಇಡಿ. ಸಾಲು ತೀರಾ ಉದ್ದವಾದರೆ ಕಣ್ಣು ಮುಂದಿನ ಸಾಲಿನ ಆರಂಭ ಹುಡುಕುವುದರಲ್ಲೇ ದಣಿಯುತ್ತದೆ, ಆಗ ಮಾತ್ರ ಪರದೆಯ ಮೇಲಿನ ಕಡತದ ಕಿಟಕಿಯನ್ನು ಕಿರಿದು ಮಾಡಿಕೊಳ್ಳಿ. ಮೊಬೈಲಿನಲ್ಲಿ ಕರಾರು ಓದಬೇಡಿ. ಅದು ಬಂದಿದೆ ಅಂತ ತಿಳಿಯಲು ಮಾತ್ರ ಮೊಬೈಲ್ ಸಾಕು.

ಮೂರು ಸಲ ಓದಿದರೂ ನಿಲ್ಲದ ಪ್ಯಾರಾದ ಮಾತು. ಇಲ್ಲಿ ನಾನು ಮೊದಲು ಅನುಮಾನಿಸುವುದು ನೋಟಿಫಿಕೇಶನ್ ಮತ್ತು ಅರ್ಧಕ್ಕೆ ಬಿಟ್ಟ ಕೆಲಸವನ್ನು. ಒಂದು ಕೆಲಸ ಮುಗಿಸದೆ ಇನ್ನೊಂದಕ್ಕೆ ಹೋದಾಗ ಗಮನದ ಒಂದು ಪಾಲು ಹಿಂದಿನದರಲ್ಲೇ ಅಂಟಿಕೊಂಡಿರುತ್ತದೆ. ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದರು. ಕಷ್ಟದ ಓದಿಗೆ ಮುಂಚೆ, ಬಿಟ್ಟ ಕೆಲಸದಲ್ಲಿ ಮುಂದೇನು ಮಾಡಬೇಕು ಅಂತ ಒಂದು ಸಾಲು ಗೀಚಿಟ್ಟು, ಇಮೇಲ್ ಮುಚ್ಚಿ, ಅರ್ಧ ಮುಕ್ಕಾಲು ಗಂಟೆ ಕೂತು ನೋಡಿ.

ಎರಡನೆಯ ಕಾರಣ ನೀವು ಮತ್ತೆ ಓದುವ ರೀತಿ. ಅದೇ ಸಾಲುಗಳ ಮೇಲೆ ಕಣ್ಣಾಡಿಸಿದರೆ ಪರಿಚಿತ ಅನ್ನಿಸುತ್ತದೆ, ತಿಳಿದಂತಾಗುವುದಿಲ್ಲ. ರೋಡಿಗರ್ ಮತ್ತು ಕಾರ್ಪಿಕ್ ಅವರ 2006ರ ಪ್ರಯೋಗ ಹೀಗಿತ್ತು: ಒಂದು ಗುಂಪು ಬರಹವನ್ನು ಮತ್ತೆ ಓದಿತು, ಇನ್ನೊಂದು ನೋಡದೆ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರು ಮುಂದಿದ್ದರು. ಒಂದು ವಾರದ ನಂತರ ನೆನಪಿನಿಂದ ಬರೆದವರಿಗೇ ಜಾಸ್ತಿ ಉಳಿದಿತ್ತು. ನೀವು ಮಾಡಬೇಕಾದ್ದೂ ಅದೇ. ಒಂದು ವಿಭಾಗ ಮುಗಿದ ಮೇಲೆ ಹಾಳೆ ಮಗುಚಿಟ್ಟು, ಸ್ವಂತ ಮಾತಿನಲ್ಲಿ ಎರಡು ಸಾಲು ಬರೆಯಿರಿ. ಬರೆಯಲಾಗದಿದ್ದರೆ ಎಲ್ಲಿ ತಡೆಯಿತೋ ಅಲ್ಲಿಗೆ ಮಾತ್ರ ವಾಪಸ್ ಹೋಗಿ. ಹಳದಿ ಹೈಲೈಟರ್ ಬಗ್ಗೆ ಎರಡು ಮಾತು: ಜಾಗ ಗುರುತಿಡಲು ಒಳ್ಳೆಯದು, ನೆನಪಿಗೆ ಹೆಚ್ಚೇನೂ ಸಹಾಯ ಮಾಡದು. ಪುಟವಿಡೀ ಹಳದಿಯಾದರೆ ಗುರುತಿಗೂ ಬರುವುದಿಲ್ಲ.

ಎಐ ಸಾರಾಂಶ ಬೇಡ ಅನ್ನುವವನು ನಾನಲ್ಲ. ಹತ್ತು ರಿಪೋರ್ಟುಗಳಲ್ಲಿ ಯಾವುದನ್ನು ಓದಬೇಕು ಅಂತ ಆರಿಸಲು, ಉದ್ದದ ಇಮೇಲ್ ಸರಣಿಯಲ್ಲಿ ಯಾರು ಏನಂದರು ಅಂತ ತಿಳಿಯಲು ಚೆನ್ನಾಗಿಯೇ ಸಹಾಯವಾಗುತ್ತದೆ. ಕರಾರಿಗೆ ಬಂದರೆ ಲೆಕ್ಕ ಬೇರೆ. ಸಾರಾಂಶ ಅಂದರೇ ಸಣ್ಣಪುಟ್ಟದ್ದನ್ನು ಬಿಡುವುದು. ಕರಾರಿನಲ್ಲಿ ಜಗಳ ಹುಟ್ಟುವುದು ಆ ಸಣ್ಣಪುಟ್ಟದ್ದರಲ್ಲೇ. ಇಲ್ಲದ ಷರತ್ತನ್ನು ಇದೆ ಅಂತ ಧೈರ್ಯವಾಗಿ ಬರೆದುಬಿಡುವ ಅಭ್ಯಾಸವೂ ಈ ಸಾಧನಗಳಿಗಿದೆ. ಬಳಸುವುದಾದರೆ ಸಾರಾಂಶ ಕೇಳಬೇಡಿ. ನಿಮ್ಮ ಪ್ರಶ್ನೆಗಳ ಹಾಳೆಯನ್ನು ಕೊಟ್ಟು, ಪ್ರತಿ ಉತ್ತರಕ್ಕೂ ಷರತ್ತಿನ ಸಂಖ್ಯೆ ಕೇಳಿ, ಆ ಷರತ್ತನ್ನು ಮೂಲದಲ್ಲಿ ನೀವೇ ಓದಿ. ಅದಕ್ಕೂ ಮೊದಲು, ಕಚೇರಿಯ ಕಡತವನ್ನು ಹೊರಗಿನ ಸಾಧನಕ್ಕೆ ಹಾಕಲು ಅನುಮತಿ ಇದೆಯೇ ಅಂತ ಕೇಳಿಕೊಳ್ಳಿ. ಅನುಮತಿ ಇಲ್ಲದೆ ಹಾಕಿದರೆ ತಪ್ಪಿಹೋದ ನೋಟಿಸ್ ಷರತ್ತಿಗಿಂತ ದೊಡ್ಡ ತಾಪತ್ರಯ.

ಓದಬೇಕಾದ್ದನ್ನೇ ಕಡಿಮೆ ಮಾಡುವ ದಾರಿ ಯಾರಿಗೂ ಹೊಳೆಯುವುದಿಲ್ಲ. 1940ರ ಆಗಸ್ಟಿನಲ್ಲಿ, ಯುದ್ಧದ ನಡುವೆ, ಬ್ರಿಟನ್ನಿನ ಪ್ರಧಾನಿ ಚರ್ಚಿಲ್ ಕಾಗದಗಳು ವಿಪರೀತ ಉದ್ದವಾಗುತ್ತಿವೆ, ಚಿಕ್ಕದಾಗಿ ಬರೆಯಿರಿ ಅಂತ ಅಧಿಕಾರಿಗಳಿಗೆಲ್ಲ ಒಂದು ಟಿಪ್ಪಣಿ ಕಳಿಸಿದ್ದರು. ನಿಮಗೆ ಆ ಅಧಿಕಾರ ಇರಲಿಕ್ಕಿಲ್ಲ. ಆದರೂ ಎಪ್ಪತ್ತು ಪುಟ ಕಳಿಸಿದವರಿಗೆ 'ಸರ್, ಇದರಲ್ಲಿ ನನ್ನ ತೀರ್ಮಾನ ಬೇಕಾದ ಭಾಗ ಯಾವುದು? ಹಿಂದಿನದಕ್ಕಿಂತ ಏನು ಬದಲಾಗಿದೆ?' ಅಂತ ಕೇಳಬಹುದಲ್ಲ. ಇದನ್ನು ಯಾರೂ ದಡ್ಡತನ ಅಂದುಕೊಳ್ಳುವುದಿಲ್ಲ. ಎಷ್ಟೋ ಸಲ ಕಳಿಸಿದವರೇ ಅದನ್ನು ಯೋಚಿಸಿರುವುದಿಲ್ಲ.

ಕೊನೆಯದಾಗಿ ಕಣ್ಣು. 40 ದಾಟಿದ ಮೇಲೆ ಹತ್ತಿರದ್ದನ್ನು ನೋಡುವ ಶಕ್ತಿ ಎಲ್ಲರಿಗೂ ಕುಗ್ಗುತ್ತದೆ. ಅದು ಗೊತ್ತಾಗದೆ ಗಮನವೇ ನಿಲ್ಲುತ್ತಿಲ್ಲ ಅಂದುಕೊಳ್ಳುವವರು ಬೇಕಾದಷ್ಟು ಜನ. ಮಧ್ಯಾಹ್ನದ ಹೊತ್ತಿಗೆ ಹಣೆ ನೋವು, ಅಕ್ಷರ ಮಂಜು, ಪುಸ್ತಕವನ್ನು ದೂರ ಹಿಡಿಯುವ ಅಭ್ಯಾಸ ಇವೆಯೇ ನೋಡಿಕೊಳ್ಳಿ. ಸ್ಕ್ರೀನ್ ನೋಡುವಾಗ ರೆಪ್ಪೆ ಬಡಿಯುವುದೂ ಕಡಿಮೆಯಾಗಿ ಕಣ್ಣು ಒಣಗುತ್ತದೆ. 20 ನಿಮಿಷಕ್ಕೊಮ್ಮೆ 20 ಸೆಕೆಂಡು, 20 ಅಡಿ ದೂರದ ಏನನ್ನಾದರೂ ನೋಡುವ ಸಲಹೆ ಸುಲಭದ್ದು, ಮಾಡಿ ನೋಡಿ. ಅಕ್ಷರಗಳೇ ಎರಡೆರಡಾಗಿ ಕಂಡರೆ ಅಥವಾ ಮೊದಲು ಸಲೀಸಾಗಿ ಓದುತ್ತಿದ್ದದ್ದೂ ಇತ್ತೀಚೆಗೆ ಕಷ್ಟವಾಗುತ್ತಿದ್ದರೆ ತಡಮಾಡದೆ ಕಣ್ಣಿನ ವೈದ್ಯರನ್ನು ಕಾಣಿ. ಹೋಗುವ ಮುನ್ನ ನಿಮ್ಮ ಕಣ್ಣಿನಿಂದ ಸ್ಕ್ರೀನಿಗೆ ಎಷ್ಟು ದೂರವಿದೆ ಅಂತ ಟೇಪು ಹಿಡಿದು ಅಳೆದುಕೊಳ್ಳಿ. ಓದುವ ಕನ್ನಡಕವನ್ನು ಸಾಮಾನ್ಯವಾಗಿ ಕೈಯಲ್ಲಿ ಪುಸ್ತಕ ಹಿಡಿಯುವ ದೂರಕ್ಕೆ, ಸುಮಾರು 40 ಸೆಂಟಿಮೀಟರಿಗೆ, ಬರೆದುಕೊಡುತ್ತಾರೆ. ಸ್ಕ್ರೀನ್ ಅದಕ್ಕಿಂತ ದೂರದಲ್ಲಿರುತ್ತದೆ. ಆ ಅಳತೆ ಹೇಳಿದರೆ ಅದಕ್ಕೆ ಸರಿಯಾಗಿ ಪವರ್ ಕೊಡುತ್ತಾರೆ.